ಗಂಗಿಯನ್ನು ಯಾರು ಕೇಳಿದರು?

(ಅಗರಖೇಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ದತ್ತಿ ಉಪನ್ಯಾಸ ಅಂದರೆ ವಚನ, ಇಲ್ಲವೆ ದಾಸರ ಪದ, ಇಲ್ಲವೆ ಏಕೀಕರಣ. ಈ ಸಲ ಪ್ರೀತಿ, ಮದುವೆ, ಹೆಣ್ಣನ್ನು ಮರುಳು ಮಾಡುವ ಕಥೆಗಳು ಇವುಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಕರೆಯಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಸಭಾದಾಗ ತಾಯಂದಿರು ಇರತಾರ್ರಿ' ಎಂದರು. ಇರಲಿ. ಸಂಗ್ಯಾ ಬಾಳ್ಯಾ ಆಟವನ್ನು ಬೆಳ್ಳಂಬೆಳಗಿನ ತನಕ ಕೂತು ನೋಡಿದ ಸೀಮೆ ಇದು. ನಾನು ಹೊಸದೇನೋ ಹೇಳಿ ಯಾರನ್ನೂ ಕೆಡಿಸಲಾರೆ.

ಪ್ರೇಮವಿವಾಹವೋ, ಹಿರಿಯರು ನಿಶ್ಚಯಿಸಿದ ಮದುವೆಯೋ ಎಂದು ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆ ಇಡುತ್ತಾರೆ. ಒಂದು ಪಕ್ಷ ಲೈಲಾ ಮಜ್ನೂ ಎನ್ನುತ್ತದೆ, ಇನ್ನೊಂದು ಸಂಸ್ಕೃತಿ ಎನ್ನುತ್ತದೆ. ಈ ಜಗಳ ಸನಾತನವೆಂದು ಇಬ್ಬರೂ ನಂಬಿರುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನಮ್ಮ ಕಡೆ ಈ ಜಗಳ ತೀರ ಈಚಿನದು. ಹಳೆಯ ಕನ್ನಡದಲ್ಲಿ, ಹಾಡುಗಬ್ಬದಲ್ಲಿ ಪ್ರೀತಿಯೂ ಇದೆ, ಮದುವೆಯೂ ಇದೆ, ಮೋಹವೂ ಇದೆ, ಕೊಲೆಯೂ ಇದೆ. ಇವನನ್ನು ಕಟ್ಟಿಕೊಳ್ಳಲೋ ಅವನನ್ನೋ ಎಂದು ನಿಂತು ಯೋಚಿಸುವ ಹುಡುಗಿ ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಅವಳು ಯಾಕೆ ಇಲ್ಲ ಎಂಬುದೇ ಇವತ್ತಿನ ಮಾತು.

ಅವಳು ಇರುವ ಕಡೆಗೆ ಒಮ್ಮೆ ಹೋಗಿ ಬರೋಣ. ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಎಂಬ ಮುದ್ರಕನಿದ್ದ. 1740ರಲ್ಲಿ 'ಪಮೇಲಾ', 1747-48ರಲ್ಲಿ 'ಕ್ಲಾರಿಸ್ಸಾ' ಎಂಬ ಕಾದಂಬರಿಗಳನ್ನು ಪತ್ರಗಳ ರೂಪದಲ್ಲಿ ಬರೆದ. ಎರಡನೆಯದರಲ್ಲಿ 500ಕ್ಕೂ ಹೆಚ್ಚು ಪತ್ರಗಳಿವೆ. ಕ್ಲಾರಿಸ್ಸಾಳಿಗೆ ಅಜ್ಜ ಆಸ್ತಿ ಬರೆದಿಟ್ಟು ಸತ್ತಿದ್ದಾನೆ. ಅಲ್ಲಿಂದ ಅಣ್ಣನಿಗೂ ಅಕ್ಕನಿಗೂ ಹೊಟ್ಟೆಯಲ್ಲಿ ಬೆಂಕಿ. ಮನೆಯವರು ಸೋಮ್ಸ್ ಎಂಬ ಸಿರಿವಂತನನ್ನು ಗೊತ್ತು ಮಾಡುತ್ತಾರೆ. ಅವನನ್ನು ಕಂಡರೆ ಹುಡುಗಿಗೆ ವಾಕರಿಕೆ. ಲವ್‌ಲೇಸ್ ಎಂಬ ಮಾತುಗಾರ ಹಿತ್ತಿಲ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಸೋಮ್ಸನಿಂದ ತಪ್ಪಿಸಿಕೊಳ್ಳಲು ಅವಳು ಇವನ ಜೊತೆ ಹೋಗುತ್ತಾಳೆ. ಇವನು ಅವಳನ್ನು ಸಭ್ಯರ ಮನೆಯೆಂದು ನಂಬಿಸಿ ಸೂಳೆಮನೆಗೆ ಕರೆದೊಯ್ದು, ಮದ್ದು ಹಾಕಿ ಕೆಡಿಸುತ್ತಾನೆ. ಆಮೇಲೆ ಮದುವೆಯಾಗಲು ತಯಾರು. ಆಪ್ತರೂ ಆಗಿಬಿಡು ಎನ್ನುತ್ತಾರೆ. ಅವಳು ಒಲ್ಲೆ ಎಂದು ಹೇಳಿ ಸಾಯುತ್ತಾಳೆ. ಇದರ ಬೆನ್ನಿಗೆ 1791ರಲ್ಲಿ 'ಶಾರ್ಲೆಟ್ ಟೆಂಪಲ್', ಅಮೆರಿಕದಲ್ಲಿ 1797ರಲ್ಲಿ 'ದ ಕೊಕೆಟ್' ಬಂದವು. ಹಿರಿಯರ ಮಾತು ಮೀರಿದ ಹುಡುಗಿ, ನಯವಂಚಕ, ಬಸಿರು, ಸಾವು: ಅಚ್ಚು ಒಂದೇ. ಹುಡುಗಿಯರಿಗೆ ಬುದ್ಧಿ ಹೇಳುತ್ತೇವೆಂದು ಬರೆದರು. ಹುಡುಗಿಯರು ಅತ್ತುಕೊಂಡು ಓದಿದರು. ಎಷ್ಟು ಬುದ್ಧಿ ಕಲಿತರೋ, ಆ ಮಾತು ಬೇರೆ.

ಈ ಕಥೆ ನಡೆಯಬೇಕಾದರೆ ಒಂದು ಅನುಕೂಲ ಬೇಕು. ಹುಡುಗಿ ಹರೆಯಕ್ಕೆ ಬಂದಿರಬೇಕು, ಮದುವೆ ಆಗಿರಬಾರದು, ಮೇಲಾಗಿ ಕಾಗದ ಬರೆಯಲು ಬರಬೇಕು. ಭೀಮೆಯ ದಂಡೆಯಲ್ಲಿ ಅಂಥ ಹುಡುಗಿ ಇದ್ದಳೆ? ಆಗ ಹದಿನೆಂಟಕ್ಕೆ ಇಲ್ಲಿಯವಳು ಎರಡು ಮಕ್ಕಳ ತಾಯಿ. ತೊಟ್ಟಿಲಲ್ಲಿದ್ದಾಗಲೇ ಇವಳು ನಮ್ಮ ಸೊಸೆ ಎಂದು ಅತ್ತೆಯೋ ಸೋದರಮಾವನೋ ಹೇಳಿಟ್ಟಿರುತ್ತಿದ್ದರು. ಬಾಸಿಂಗ ಕಟ್ಟಿಸಿಕೊಂಡು ಅವ್ವನ ತೊಡೆಯ ಮೇಲೆ ನಿದ್ದೆ ಹೋದ ಮದುಮಗಳ ಕಥೆಯನ್ನು ನಿಮ್ಮ ಮನೆಯ ಆಯಿಯೂ ಹೇಳಿರಬೇಕು. 1891ರಲ್ಲಿ ಸರಕಾರ ಸಮ್ಮತಿ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಅಷ್ಟಕ್ಕೇ ಪುಣೆಯಲ್ಲಿ ಟಿಳಕರು ಸಿಡಿದೆದ್ದರು, ದೇಶವೆಲ್ಲ ಗದ್ದಲವಾಯಿತು. ಹುಡುಗಿಯ ಮದುವೆಗೆ 14 ವರ್ಷ ತುಂಬಿರಬೇಕೆಂದ ಶಾರದಾ ಕಾಯ್ದೆ ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು.

ಹಾಗಾಗಿ ನಮ್ಮಲ್ಲಿ ಮೋಹದ ಕಥೆ ಲಗ್ನದ ಮುಂಚೆ ನಡೆಯಲು ಜಾಗವೇ ಇರಲಿಲ್ಲ. ಅದು ಲಗ್ನದ ಆಚೆ ನಡೆಯಿತು. ಹುಡುಗಿಯ ಕಥೆಯಾಗದೆ ಹೆಂಡತಿಯ ಕಥೆಯಾಯಿತು.

ಜನ್ನನ 'ಯಶೋಧರ ಚರಿತೆ'ಯನ್ನೇ ತಗೊಳ್ಳಿ. 1209ರ ಕಾವ್ಯ. ಅಮೃತಮತಿ ಪಟ್ಟದ ರಾಣಿ. ಗಂಡ ಯಶೋಧರ ಚೆಲುವ, ಅವಳ ಮೇಲೆ ಜೀವ ಇಟ್ಟವನು. ಅಂಥವಳು ರಾತ್ರಿ ಆನೆಲಾಯದ ಕಡೆಯಿಂದ ಬಂದ ಹಾಡು ಕೇಳಿ ಸೋತಳು. ಹಾಡಿದವನು ಮಾವುತ ಅಷ್ಟಾವಂಕ, ನೋಡಲಿಕ್ಕೆ ಕುರೂಪಿ. ಅವನು ಅವಳಿಗೆ ಬಲೆ ಬೀಸಲಿಲ್ಲ, ಕಾಗದ ಬರೆಯಲಿಲ್ಲ. ತನ್ನ ಪಾಡಿಗೆ ಹಾಡಿಕೊಂಡ, ಅಷ್ಟೇ. ದೂತಿಯನ್ನು ಕಳಿಸಿದವಳು ಅವಳು. ಕತ್ತಿ ಹಿಡಿದು ಹಿಂಬಾಲಿಸಿದ ಗಂಡ ಕೊಲ್ಲದೆ ಹಿಂದಿರುಗಿದ. ಜನ್ನನ ಉದ್ದೇಶ ಅಹಿಂಸೆಯ ಮಹಿಮೆ ಹೇಳುವುದು, ಅಮೃತಮತಿಗೆ ನರಕ ಕಟ್ಟಿಟ್ಟದ್ದೇ. ಆದರೆ ಆ ಹಾಡು ಅವಳ ಕಿವಿಗೆ ಬಿದ್ದ ಗಳಿಗೆಯನ್ನು ಬರೆಯುವಾಗ ಕವಿ ತನ್ನ ಉದ್ದೇಶವನ್ನು ಸ್ವಲ್ಪ ಹೊತ್ತು ಮರೆತಿದ್ದಾನೆಂದೇ ನನ್ನ ಅನುಮಾನ. 1980ರಲ್ಲಿ ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ಬರೆಯುವಾಗ ಹಿಡಿದದ್ದೂ ಈ ಎಳೆಯನ್ನೇ.

ಅರಮನೆಯಿಂದ ಬೈಲಹೊಂಗಲಕ್ಕೆ ಬರೋಣ. ಸಂಗ್ಯಾ ಬಾಳ್ಯಾ ನಮ್ಮ ಸಣ್ಣಾಟಗಳಲ್ಲಿ ದೊಡ್ಡದು. ಪತ್ತಾರ ಮಾಸ್ತರ ಕಟ್ಟಿದ್ದೆಂದು ಹೇಳುತ್ತಾರೆ. ಚಂದ್ರಶೇಖರ ಕಂಬಾರರು ಸಂಪಾದಿಸಿ ಅಚ್ಚು ಮಾಡಿಸಿದ ಮೇಲೆ ಓದುವವರ ಕೈಗೂ ಬಂತು. ಗಂಗಿ ವ್ಯಾಪಾರಸ್ಥ ಈರಣ್ಣನ ಹೆಂಡತಿ. ಸಂಗ್ಯಾ ದುಡ್ಡಿದ್ದ ಹರೆಯದವ, ಗಂಗಿಯನ್ನು ನೋಡಿ ಹುಚ್ಚಾದ. ಬಾಳ್ಯಾ ಅವನ ಜೀವದ ಗೆಳೆಯ. ಈರಣ್ಣ ವ್ಯಾಪಾರಕ್ಕೆಂದು ಊರು ಬಿಟ್ಟ ಹೊತ್ತಿನಲ್ಲಿ ಆಗಬಾರದ್ದು ಆಯಿತು. ಮುಂದೆ ಬಾಳ್ಯಾ ಗೆಳೆಯನನ್ನು ಬಿಟ್ಟುಕೊಟ್ಟ. ಈರಣ್ಣ ತನ್ನ ತಮ್ಮಂದಿರೊಡನೆ ಸೇರಿ ಸಂಗ್ಯಾನನ್ನು ಕೊಂದ.

ಈ ಆಟದಲ್ಲಿ ಪಾರಮ್ಮ ಎಂಬ ಮುದುಕಿಯೊಬ್ಬಳಿದ್ದಾಳೆ. ಜನ ನಗುವುದು ಅವಳನ್ನು ಕಂಡು. ವಿದ್ವಾಂಸರು ಅವಳನ್ನು ಹಾಸ್ಯಪಾತ್ರವೆಂದು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇಡೀ ಆಟದ ಕೀಲು ಅವಳೇ ಅನಿಸುತ್ತದೆ. ಅವಳು ಕುಂಟಲಗಿತ್ತಿ. ಸಂಗ್ಯಾನ ಮಾತು ಹೊತ್ತುಕೊಂಡು ಗಂಗಿಯ ಮನೆಗೆ ಹೋಗುತ್ತಾಳೆ. ಈ ಕಸಬು ಬಹಳ ಹಳೆಯದು. ಎಂಟನೆಯ ಶತಮಾನದ ಕಾಶ್ಮೀರದಲ್ಲಿ ದಾಮೋದರಗುಪ್ತ 'ಕುಟ್ಟನೀಮತ' ಎಂಬ ಸಂಸ್ಕೃತ ಕಾವ್ಯವನ್ನು ಇಂಥ ಮುದುಕಿಯ ಬಾಯಲ್ಲೇ ಹೇಳಿಸಿದ. ಪಾರಮ್ಮ ಮಾಡುವ ಕೆಲಸವನ್ನು ಒಂದೊಂದಾಗಿ ನೋಡಿ. ಹೊತ್ತು ನೋಡಿ ಹೋಗುತ್ತಾಳೆ, ಮನೆಯಲ್ಲಿ ಗಂಡಸರಿಲ್ಲದಾಗ. ಕಟ್ಟೆಯ ಮೇಲೆ ಕೂತು ಮೊದಲು ಬೇರೆ ಸುದ್ದಿ ಎತ್ತುತ್ತಾಳೆ. ಆಮೇಲೆ ಅವನ ರೂಪ, ಅವನ ಹೊಲ ಮನೆ, ಅವನ ದೊಡ್ಡ ಮನಸ್ಸು ಎಲ್ಲವನ್ನೂ ಹೊಗಳುತ್ತಾಳೆ. ಇಂಥವ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಾಳೆ. ಕೆಲಸ ಕೈಗೂಡಿದರೆ ಅವಳಿಗೊಂದು ಸೀರೆ.

ಈಗ ಕನ್ಯೆ ಗೊತ್ತು ಮಾಡಲು ಬರುವ ಹಿರಿಯರನ್ನು ನೆನೆಸಿಕೊಳ್ಳಿ. ಇಲ್ಲಿ ಕೂತವರಲ್ಲಿ ಕೆಲವರು ಆ ಕೆಲಸ ಮಾಡಿದವರೇ, ಸಿಟ್ಟಾಗಬೇಡಿ. ಅವರೂ ಕಟ್ಟೆಯ ಮೇಲೆ ಕೂತು ಮೊದಲು ಮಳೆ ಬೆಳೆಯ ಮಾತಾಡುತ್ತಾರೆ. ವರನ ಹೊಲ ಎಷ್ಟು, ಬಾವಿಗೆ ನೀರೆಷ್ಟು, ನೌಕರಿ ಇದ್ದರೆ ಪಗಾರ ಎಷ್ಟು ಎಂದು ಹೇಳುತ್ತಾರೆ. ಹುಡುಗ ಕುಡಿಯುತ್ತಾನೆಂಬುದನ್ನು ಹೇಳುವುದಿಲ್ಲ. ಇಂಥ ಮನೆತನ ಸಿಗಬೇಕಾದರೆ ಪುಣ್ಯ ಬೇಕೆನ್ನುತ್ತಾರೆ. ವರೋಪಚಾರದ ಮಾತು ಕೊನೆಗೆ. ಲಗ್ನದಲ್ಲಿ ಅವರಿಗೆ ಟಾವೆಲ್ಲು, ಟೋಪಿ, ಆಯಾರ. ಪಾರಮ್ಮ ಒಳಗೆ ಹೋಗಿ ಗಂಗಿಯ ಮುಂದೆ ಮಾತಾಡಿದಳು, ಇವರು ಪಡಸಾಲೆಯಲ್ಲಿ ಅಪ್ಪನ ಮುಂದೆ ಮಾತಾಡಿದರು. ವ್ಯತ್ಯಾಸ ಇಷ್ಟೇ. ಹಾಗೆ ನೋಡಿದರೆ, ನಿನಗೆ ಬೇಕೋ ಬೇಡವೋ ಎಂದು ಗಂಗಿಯನ್ನೇ ಕೇಳಿದವಳು ಆ ಆಟದಲ್ಲಿ ಪಾರಮ್ಮ ಒಬ್ಬಳೇ. ಈರಣ್ಣನಿಗೆ ಕೊಡುವಾಗ ಗಂಗಿಯನ್ನು ಯಾರೂ ಕೇಳಿದಂತಿಲ್ಲ, ಆಟದಲ್ಲಿ ಅದರ ಸುದ್ದಿಯೇ ಇಲ್ಲ. ಪಾರಮ್ಮ ಕೇಳಿದ್ದು ಕೆಟ್ಟ ಕೆಲಸಕ್ಕೆ, ದುಡ್ಡಿಗೆ. ಆದರೂ ಕೇಳಿದಳು.

ಕೇಳದೆ ಕೊಟ್ಟವಳು ಒಲ್ಲೆ ಎಂದರೆ ಏನಾಗುತ್ತದೆ ಎಂಬುದಕ್ಕೆ ಕಥೆ ಬೇಡ, ಕೋರ್ಟಿನ ದಾಖಲೆಯೇ ಇದೆ. ನಮ್ಮ ಇಂಡಿ ತಾಲೂಕು ಆಗ ಮುಂಬೈ ಇಲಾಖೆಯಲ್ಲಿತ್ತು. ಅದೇ ಮುಂಬೈ ಹೈಕೋರ್ಟಿನಲ್ಲಿ ರಖಮಾಬಾಯಿಯ ಖಟ್ಲೆ ನಡೆಯಿತು. 11ನೆಯ ವಯಸ್ಸಿಗೆ ಲಗ್ನ. ಬೆಳೆದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ಗಂಡ ದಾದಾಜಿ ದಾವಾ ಹಾಕಿದ. 1885ರಲ್ಲಿ ನ್ಯಾಯಾಧೀಶ ಪಿನ್ಹೆ ಅವಳ ಪರ ತೀರ್ಪು ಕೊಟ್ಟ. ಅದು ಮೇಲ್ಮನವಿಯಲ್ಲಿ ಬಿತ್ತು. 1887ರಲ್ಲಿ ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಜೈಲಿಗೆ ಹೋಗು ಎಂಬಲ್ಲಿಗೆ ಬಂತು. ಜೈಲೇ ಆಗಲಿ ಎಂದಳು. ಮರುವರ್ಷ 2,000 ರೂಪಾಯಿ ಕೊಟ್ಟು ರಾಜಿಯಾಯಿತು. ಲಂಡನ್ನಿನಲ್ಲಿ ವೈದ್ಯಕೀಯ ಓದಿ ಡಾಕ್ಟರಾಗಿ ಬಂದು ಸೂರತ್ತಿನಲ್ಲಿ ದುಡಿದಳು. ಗಮನಿಸಿ, ಇವಳ ಕಥೆಯಲ್ಲಿ ಪ್ರಿಯಕರನೇ ಇಲ್ಲ. ಮರುಳು ಮಾಡಿದವನೆಂದು ಬೆರಳು ತೋರಿಸಲು ಯಾರೂ ಇರಲಿಲ್ಲ.

ಸಂಗ್ಯಾನ ಕೊಲೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆ ಆಟದಲ್ಲಿ ಅಣ್ಣತಮ್ಮಂದಿರು ಕೊಂದದ್ದು ಹೊರಗಿನ ಗಂಡಸನ್ನು. ನಮ್ಮ ಕಾಲದಲ್ಲಿ, 2017ರಲ್ಲಿ, ನಮ್ಮದೇ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನಲ್ಲಿ, ಧರ್ಮ ಮೀರಿ ಮದುವೆಯಾದ ತುಂಬು ಬಸುರಿಯನ್ನು ಅವಳ ಮನೆಯವರೇ ಸುಟ್ಟರು. ಆ ಮದುವೆಯಲ್ಲಿ ಮೋಸವಿರಲಿಲ್ಲ, ವಂಚಕನಿರಲಿಲ್ಲ, ಪಾರಮ್ಮನೂ ಇರಲಿಲ್ಲ. ಹುಡುಗಿ ತಾನಾಗಿ ಹೂಂ ಎಂದಿದ್ದಳು.

ಬಸವಣ್ಣನ ಬಾಗೇವಾಡಿ ದೂರವಿಲ್ಲ, ಕಲ್ಯಾಣದ ಮಾತನ್ನು ಎತ್ತದಿದ್ದರೆ ನೀವೇ ಕೇಳುತ್ತೀರಿ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಕಲ್ಯಾಣ ಹೊತ್ತಿ ಉರಿಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಈಗಿನ ಭಾಷಣಕಾರರು ಅದನ್ನು ಪ್ರೇಮವಿವಾಹವೆಂಬಂತೆ ಹೇಳಿಬಿಡುತ್ತಾರೆ. ಅದು ಇಬ್ಬರು ಅಪ್ಪಂದಿರು ಕೂತು ಮಾಡಿದ ಮದುವೆ. ಜಾತಿಯನ್ನು ಒಡೆದದ್ದು ಹಿರಿಯರು ಮಾಡಿದ ಸಂಬಂಧ. ಪ್ರೀತಿ ಎಂದರೆ ಬಂಡಾಯ, ಹಿರಿಯರ ಮದುವೆ ಎಂದರೆ ಕಟ್ಟುಪಾಡು ಎಂದು ಎರಡು ಗೂಟ ನೆಟ್ಟುಕೊಂಡವರಿಗೆ ಕಲ್ಯಾಣದ ಮದುವೆ ಎಲ್ಲಿಯೂ ಕಟ್ಟಿಕೊಳ್ಳುವುದಿಲ್ಲ.

ಈಗ ನಮ್ಮ ಮನೆಯೊಳಗಿನ ಸಾಹಿತ್ಯ. ಹಲಸಂಗಿ ಹಳೆಯ ಇಂಡಿ ತಾಲೂಕಿನ ಊರು, ಈಗ ಚಡಚಣಕ್ಕೆ ಸೇರಿದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿಕೊಂಡು ಬೀಸುವ ಕಲ್ಲಿನ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಶಾರದಾ ಕಾಯ್ದೆ ಬಂದ ಮರುವರ್ಷ. ಅಂದರೆ ಆ ಪುಸ್ತಕಕ್ಕೆ ಹಾಡು ಕೊಟ್ಟ ಹೆಂಗಸರು ಬಹುಪಾಲು ಬಾಲ್ಯದಲ್ಲೇ ಲಗ್ನವಾದವರು. ಅವರನ್ನೂ ಯಾರೂ ಕೇಳಿರಲಿಲ್ಲ.

ಅವರು ಏನು ಹಾಡಿದರು? ತವರು, ಅಣ್ಣ, ತೊಟ್ಟಿಲು, ಅತ್ತೆ, ನಾದಿನಿ ಎಲ್ಲ ಇದೆ. ಅದರ ನಡುವೆ ಒಂದು ತ್ರಿಪದಿಯಿದೆ, ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠ. ತವರಿಗೆ ಬಾ ಎಂದು ಕರೆದ ಹಡೆದವ್ವನಿಗೆ ಮಗಳು ಕೊಡುವ ಉತ್ತರ ಅದು. ಗಂಡ ಹೊದ್ದ ಹಚ್ಚಡದ ಮಡಿಕೆಯಲ್ಲಿ ಮಲ್ಲಿಗೆ ಇಟ್ಟುಕೊಂಡು ಬರುತ್ತಾನೆ, ಬಿಚ್ಚಿ ಇವಳ ಮೈಮೇಲೆ ಸುರಿಯುತ್ತಾನೆ. ಅವನನ್ನು ಬಿಟ್ಟು ಬರಲಿ ಹೇಗೆ ಎನ್ನುತ್ತಾಳೆ. ಹಚ್ಚಡದೊಳಗೆ ಯಾಕೆ? ಕೈಯಲ್ಲಿ ಹಿಡಿದು ಬಂದರೆ ಪಡಸಾಲೆಯಲ್ಲಿ ಕೂತ ಅಪ್ಪ ನೋಡುತ್ತಾನೆ, ಒಲೆಯ ಮುಂದಿನ ಅವ್ವ ನೋಡುತ್ತಾಳೆ. ಹತ್ತಿಪ್ಪತ್ತು ಜನರ ಮನೆಯಲ್ಲಿ ಸ್ವಂತ ಹೆಂಡತಿಗೆ ಹೂ ತರುವುದೂ ಕಳ್ಳತನವೇ. ಲವ್‌ಲೇಸ್ ಹಿತ್ತಿಲ ಬಾಗಿಲಿಗೆ ಬಂದಂತೆ ಇವನು ತನ್ನ ಮನೆಯ ಮುಂಬಾಗಿಲಿನಿಂದಲೇ ಕದ್ದು ಬರುತ್ತಾನೆ. ಹಿರಿಯರು ಮಾಡಿದ ಮದುವೆಯೊಳಗೆ ಗಂಡ ಹೆಂಡಿರು ಹಿರಿಯರ ಕಣ್ಣು ತಪ್ಪಿಸಿ ಮಾಡಿಕೊಂಡ ಪ್ರೇಮ ಇದು. ಇಂಗ್ಲಿಷಿನವರ ಆ ಕಾಲದ ಕಾದಂಬರಿಗಳಲ್ಲಿ ನನಗೆ ಇಂಥದ್ದು ಸಿಕ್ಕಿಲ್ಲ.

ಅದೇ ಹಲಸಂಗಿಯ ಗೆಳೆಯರು ಲಾವಣಿಗಳನ್ನೂ ಕೂಡಿಸಿ 'ಜೀವನ ಸಂಗೀತ' ತಂದರು. ಗರತಿ ನಸುಕಿನಲ್ಲಿ ಒಬ್ಬಳೇ ಕಲ್ಲಿನ ಮುಂದೆ ಹಾಡಿದರೆ, ಲಾವಣಿಯವ ರಾತ್ರಿ ಊರ ನಡುವೆ ದಪ್ಪು, ತುಂತುಣಿ, ತಾಳದೊಂದಿಗೆ ಹಾಡಿದ. ಅಲ್ಲಿ ಬಾವಿಗೆ ಬಂದ ಹೆಣ್ಣು, ಅವಳ ನಡಿಗೆ, ಅವಳನ್ನು ಮಾತಿಗೆಳೆಯುವ ಗಂಡಸು ಎಲ್ಲ ಬಯಲಿಗೇ ಬರುತ್ತದೆ. ಮರುಳು ಮಾಡುವ ಸಾಹಿತ್ಯವೆಂದು ಹೆಸರಿಡುವುದಾದರೆ ನಮ್ಮ ಕಡೆ ಅದಕ್ಕೆ ಲಾವಣಿಯಷ್ಟು ಯೋಗ್ಯವಾದದ್ದು ಇನ್ನೊಂದಿಲ್ಲ. ಆದರೆ ಇಲ್ಲಿ ಒಂದು ವಿಶೇಷವಿದೆ. ಹರದೇಶಿ, ನಾಗೇಶಿ ಎಂದು ಎರಡು ಮೇಳ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಸವಾಲು, ಅದಕ್ಕೆ ಜವಾಬು. ಗಂಡಸು ಎಷ್ಟು ಚೆಂದ ಬಣ್ಣಿಸಿದರೂ ನಾಗೇಶಿ ಎದ್ದು ನಿಂತು ಅದನ್ನು ಬಿಚ್ಚಿ ಬಿಸಾಡಬಹುದು. ಕ್ಲಾರಿಸ್ಸಾ ಉತ್ತರ ಬರೆದದ್ದು ಬಾಗಿಲು ಹಾಕಿದ ಕೋಣೆಯಲ್ಲಿ. ನಾಗೇಶಿಯ ಉತ್ತರವನ್ನು ಇಡೀ ಊರು ಕೂತು ಕೇಳಿತು, ಸೋತವರು ಯಾರೆಂದೂ ಊರೇ ಹೇಳಿತು.

ಸಾಮಾಜಿಕ ಕಾದಂಬರಿ ನಮಗೆ ಬಂದದ್ದು ಕರಾವಳಿಯಿಂದ. ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅವರ 'ಇಂದಿರಾಬಾಯಿ' ಅಚ್ಚಾಯಿತು. ಇಂದಿರೆ ಎಳೆಯ ವಿಧವೆ. ಅಪ್ಪ ಭೀಮರಾಯ ಲಂಚದಿಂದ ಬೆಳೆದವನು, ತಾಯಿ ಅಂಬಾಬಾಯಿಗೆ ಸಂತಮಂಡಳಿಯ ಹುಚ್ಚು. ಆ ಸಂತರೋ ಲಂಪಟರು. ಮಗಳು ಅವರ ಸಹವಾಸಕ್ಕೆ ಬೀಳಲೆಂದು ಹೆತ್ತವರೇ ದೂಡುತ್ತಾರೆ. ಅವಳು ಮನೆ ಬಿಟ್ಟು ಓಡಿ ಅಮೃತರಾಯರ ಆಸರೆ ಸೇರಿ, ಓದಿ, ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಕ್ಲಾರಿಸ್ಸಾ ಹೊಸಲು ದಾಟಿ ಕೆಟ್ಟಳು, ಇಂದಿರೆ ಹೊಸಲು ದಾಟಿ ಬದುಕಿದಳು. ವಂಚಕ ಬೀದಿಯಲ್ಲಿ ನಿಂತಿರುತ್ತಾನೆಂದು ಇಂಗ್ಲಿಷ್ ಕಾದಂಬರಿ ಎಚ್ಚರಿಸಿತು. ಇಲ್ಲಿ ಅವನು ದೇವರ ಮನೆಯಲ್ಲಿ ತಂಬೂರಿ ಹಿಡಿದು ಕೂತಿದ್ದಾನೆ, ಮನೆಯವರು ಅವನ ಕಾಲು ತೊಳೆಯುತ್ತಿದ್ದಾರೆ. ಖಟ್ಲೆಗಳನ್ನು ಕಂಡ ಪೊಲೀಸ್ ಅಧಿಕಾರಿಗೆ ಹೊಳೆಯುವ ಮಾತೇ ಇದು. 1905ರಲ್ಲಿ ಬೋಳಾರ ಬಾಬುರಾಯರು 'ವಾಗ್ದೇವಿ'ಯಲ್ಲಿ ಇನ್ನೊಂದು ಹೆಜ್ಜೆ ಹೋಗಿ ಮಠಾಧಿಪತಿಯ ಮೋಹವನ್ನೇ ಕಥೆ ಮಾಡಿದರು.

ಒಂದು ಮಾತು ಬಿಡಬಾರದು. ಈ ಕಾದಂಬರಿಗಳ ವಿಧವೆಯ ಸಂಕಟ ಮೇಲುಜಾತಿಯ ಮನೆಗಳದ್ದು. ನಮ್ಮ ಕಡೆ ದುಡಿಯುವ ಅನೇಕ ಜಾತಿಗಳಲ್ಲಿ ಉಡಕಿ ಇತ್ತು. ಗಂಡ ಸತ್ತವಳು, ಬಿಟ್ಟವಳು ಇನ್ನೊಬ್ಬನ ಸೀರೆ ಉಟ್ಟು ಮತ್ತೆ ಸಂಸಾರ ಮಾಡಿದಳು. ಹಾಗೆ ಎರಡನೆಯ ಸಲ ಹೋಗುವಾಗ ಅವಳು ಬೆಳೆದ ಹೆಂಗಸು, ತನ್ನ ಮಾತನ್ನು ತಾನೇ ಆಡಬಲ್ಲವಳು. ಮೊದಲ ಲಗ್ನದಲ್ಲಿ ಸಿಗದ ಮಾತು ಉಡಕಿಯಲ್ಲಿ ಸಿಕ್ಕಿತೆಂದರೆ ತಪ್ಪಾಗಲಾರದು. ಈ ಕಾದಂಬರಿಕಾರರು ಅದನ್ನು ಮುಟ್ಟಲಿಲ್ಲ. ಉಡಕಿಯವರು ಅಂದರೆ ಊರಿನಲ್ಲಿ ಒಂದು ಮೆಟ್ಟಿಲು ಕೆಳಗೆ. ನಮ್ಮ ಲೇಖಕರೂ ಆ ಮೆಟ್ಟಿಲು ಇಳಿಯಲಿಲ್ಲ.

ಇಷ್ಟು ಹೊತ್ತು ನಾನು ಹೆಸರು ಹೇಳಿದ ಕನ್ನಡದ ಲೇಖಕರೆಲ್ಲ ಗಂಡಸರು. ಹೆಂಗಸು ಬರೆಯಲು ಕೂತಾಗ ಏನಾಯಿತು? ನಂಜನಗೂಡಿನ ತಿರುಮಲಾಂಬಾ ಬಾಲವಿಧವೆ. 1913ರಲ್ಲಿ 'ಸುಶೀಲೆ' ಎಂಬ ಕಾದಂಬರಿ ಬರೆದು, 'ಸತೀಹಿತೈಷಿಣೀ' ಎಂಬ ತಮ್ಮದೇ ಗ್ರಂಥಮಾಲೆಯಲ್ಲಿ ತಂದರು. ಅದರಲ್ಲಿ ಪ್ರೇಮವಿವಾಹದ ಪರ ವಾದವಿರಬೇಕೆಂದು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ದಾರಿ ತಪ್ಪಿದ ಗಂಡ, ತಾಳಿಕೊಂಡ ಹೆಂಡತಿ. ಪಾತಿವ್ರತ್ಯದ ಹಳೇ ಪಾಠವೆಂದು ಬಹಳ ಕಾಲ ಅದನ್ನು ಬದಿಗಿಟ್ಟರು. ವಿಜಯಾ ದಬ್ಬೆಯಂಥವರು ಮತ್ತೆ ಎತ್ತಿ ಓದುವ ತನಕ ಅದು ಹಾಗೇ ಇತ್ತು.

'ಸುಶೀಲೆ'ಯನ್ನು 'ಗರತಿಯ ಹಾಡು' ಪಕ್ಕದಲ್ಲಿಟ್ಟು ಓದಿ ನೋಡಿ. ಮಲ್ಲಿಗೆ ತರುವ ಗಂಡನಿರುವ ಆ ಪುಸ್ತಕದಲ್ಲೇ, ಇನ್ನೊಬ್ಬಳ ಮನೆಗೆ ಹೋಗುವ ಗಂಡನೂ ಇದ್ದಾನೆ. ಅವನನ್ನು ಕುರಿತು ಕಲ್ಲಿನ ಮುಂದೆ ಕೂತು ಹಾಡಿದ ಪದಗಳಲ್ಲಿ ಸಿಟ್ಟಿದೆ, ವ್ಯಂಗ್ಯವಿದೆ, ಒಮ್ಮೊಮ್ಮೆ ಕನಿಕರವೂ ಇದೆ. ನಮ್ಮಲ್ಲಿ ಗಂಡಸರು ಕಟ್ಟಿದ ಕಾವ್ಯ, ಸಣ್ಣಾಟ, ಕಾದಂಬರಿಗಳಲ್ಲಿ ಮರುಳಾಗುವವಳು, ಮರುಳಾಗಬಹುದಾದವಳು ಹೆಚ್ಚಾಗಿ ಹೆಣ್ಣು: ಅಮೃತಮತಿ, ಗಂಗಿ, ಇಂದಿರೆ. ಹೆಂಗಸರು ಕಟ್ಟಿದ್ದರಲ್ಲಿ ಮರುಳಾಗಿ ಮನೆ ಬಿಟ್ಟು ಹೋದವನು ಗಂಡ. ಹಿರಿಯರು ನೋಡಿ, ಜಾತಕ ಕೂಡಿಸಿ, ಮನೆತನ ವಿಚಾರಿಸಿ ತಂದ ಅದೇ ಗಂಡ.